ಎರಡೂರಿನ ಗುಡ್ಡ

ಪಟ್ಟಣದವರು ನಮ್ಮ ಸ್ಕೀ ಜಿಗಿತದ ಗುಡ್ಡ ನೋಡಲು ಬಂದರೆ ಮೊದಲು ಕತ್ತೆತ್ತಿ ನೋಡುತ್ತಾರೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, "ಇಷ್ಟೇನಾ?" ಅನ್ನುತ್ತಾರೆ. ಇಷ್ಟೇ ಕಣ್ರೀ. ಲಿಫ್ಟ್ ಇಲ್ಲ, ಗಾಜಿನ ಮನೆ ಇಲ್ಲ, ಝಗಮಗಿಸುವ ದೀಪಗಳಿಲ್ಲ. ಮೇಲೆ ಮರದ ದಿಮ್ಮಿಗಳ ಒಂದು ಕಟ್ಟೆ, ಕೆಳಗೆ ಕಡಿದಾದ ಇಳಿಜಾರು, ಅದರ ಬುಡದಲ್ಲಿ ನಮ್ಮ ಆಲೂಗಡ್ಡೆ ಹೊಲ. ಹಾರಬೇಕೆನ್ನುವವರು ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳನ್ನು ಹೆಗಲ ಮೇಲೆ ಹೊತ್ತು ಕಾಲಲ್ಲೇ ಹತ್ತಬೇಕು. ಆದರೆ ಪಟ್ಟಣದವರ ಕಾಂಕ್ರೀಟ್ ಗೋಪುರ ಬಿರುಕು ಬಿಟ್ಟು ಅದನ್ನು ಕೆಡವಿ ಎಷ್ಟೋ ಕಾಲವಾಯಿತು. ಸುತ್ತಲಿನ ಊರುಗಳ ಗುಡ್ಡಗಳಲ್ಲಿ ಬರ್ಚ್ ಮರಗಳು ಬೆಳೆದು ನಿಂತಿವೆ. ನಮ್ಮದು ಇನ್ನೂ ಇದೆ, ಪ್ರತಿ ಚಳಿಗಾಲ ಹೆಣ್ಣುಮಕ್ಕಳು ಗಂಡುಮಕ್ಕಳು ಇಲ್ಲಿಂದ ಹಾರುತ್ತಾರೆ. ಜಂಬ ಅನ್ನುತ್ತೀರಾ? ಅನ್ನಿ. ಜಂಬಪಡುವುದಕ್ಕೆ ನನಗೆ ಕಾರಣವಿದೆ.

ಗುಡ್ಡ ಕಟ್ಟಿದವರು ಇಬ್ಬರು. ಮೇಲಿನೂರು ಬಾಕ್ಲಿಯ ತಲ್ಲಾಕ್, ಅಂದರೆ ನಮ್ಮಪ್ಪ. ಕೆಳಗಿನೂರು ಮೂಯೆನ್‌ನ ಶೂರ್, ಅಂದರೆ ನನ್ನ ಮಾವ. ಮಾವನನ್ನು ನಾನು ಸೊಸೆಯಾಗಿ ನೋಡಲಿಲ್ಲ, ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಗುಡ್ಡ ಕಟ್ಟುವಾಗ ಇಬ್ಬರಿಗೂ ಮೀಸೆ ಚಿಗುರುವ ವಯಸ್ಸು, ಮೈತುಂಬ ಹುಚ್ಚು. ಎದೆಯುದ್ದ ಹಿಮ ಬಿದ್ದ ಒಂದು ಚಳಿಗಾಲದಲ್ಲಿ ಕಾಡೆಲ್ಲ ಅಲೆದು, ನೆರಳು ಬೀಳುವ ಈ ಮಗ್ಗುಲನ್ನು ಆರಿಸಿ, ಮರ ಕಡಿದು ಕಟ್ಟೆ ಕಟ್ಟಿ, ಆ ವರ್ಷವೇ ಹಾರಿದರು. ವಸಂತ ಬಂದು ಹಿಮ ಕರಗಿತು. ನೋಡುತ್ತಾರೆ, ಕಟ್ಟೆಗೂ ಇಳಿಜಾರಿಗೂ ಮಧ್ಯೆ ಸಾಲಾಗಿ ಎದ್ದು ಕೂತಿವೆ ಎರಡೂರಿನ ಗಡಿಕಲ್ಲುಗಳು! ಎದೆಯುದ್ದ ಹಿಮದ ಅಡಿಯಲ್ಲಿ ಗಡಿ ಯಾರಿಗೆ ಕಾಣಬೇಕು?

"ಥೂ, ನಮ್ಮೂರಲ್ಲಿ ಹಾರಿ ನಿಮ್ಮೂರಲ್ಲಿ ಬೀಳೋ ಹಾಗಾಯ್ತಲ್ಲೋ," ಅಂದರಂತೆ ಅಪ್ಪ.

"ಬೀಳೋನಿಗೇನು ಪಾಸ್‌ಪೋರ್ಟ್ ಕೇಳ್ತಾರೇನೋ, ಹಾರು," ಅಂದರಂತೆ ಶೂರ್.

ಅವರಿಬ್ಬರೇನೋ ನಕ್ಕು ಸುಮ್ಮನಾದರು. ಆದರೆ ಊರುಗಳು ಸುಮ್ಮನಿರುತ್ತವೆಯೇ? ಅಂದಿನಿಂದ ಒಂದು ಕಟ್ಟುಪಾಡು ಬಂತು. ಗಡಿಕಲ್ಲಿನ ಮೇಲಿನದೆಲ್ಲ, ಅಂದರೆ ಜಾರಿ ಬರುವ ಹಾದಿ ಮತ್ತು ಜಿಗಿಯುವ ಕಟ್ಟೆ, ಬಾಕ್ಲಿಯವರ ಕೆಲಸ. ಗಡಿಕಲ್ಲಿನ ಕೆಳಗಿನ ಇಳಿಜಾರು ಮೂಯೆನ್‌ನವರ ಕೆಲಸ. ಇವರು ಅವರದನ್ನು ಮುಟ್ಟುವಂತಿಲ್ಲ, ಅವರು ಇವರದನ್ನು ಮುಟ್ಟುವಂತಿಲ್ಲ.

ಇಳಿಜಾರಿನ ಕೆಲಸವೆಂದರೆ ತುಳಿಯುವುದು. ಹೊಸ ಹಿಮ ಅರಳೆಯ ಹಾಗಿರುತ್ತದೆ. ಆಕಾಶದಿಂದ ಬಂದವನು ಅದರ ಮೇಲೆ ಇಳಿದರೆ ಸ್ಕೀ ಹೂತು ಕಾಲು ಮುರಿಯುತ್ತದೆ, ಕೆಲವೊಮ್ಮೆ ಕತ್ತು. ಅದಕ್ಕೆ ಊರಿಗೆ ಊರೇ ಸ್ಕೀ ಕಟ್ಟಿಕೊಂಡು, ಹೆಗಲಿಗೆ ಹೆಗಲು ತಾಗಿಸಿ ಸಾಲಾಗಿ ನಿಂತು, ಅಡ್ಡಡ್ಡ ಹೆಜ್ಜೆ ಇಡುತ್ತ ಗುಡ್ಡ ಹತ್ತುತ್ತದೆ. ಸ್ಕೀಯ ಗುರುತುಗಳೆಲ್ಲ ಇಳಿಜಾರಿಗೆ ನೇರ ಅಡ್ಡವಾಗಿ, ಬಾಚಿದ ತಲೆಯ ಹಾಗೆ ಕೂರಬೇಕು. ಓರೆಯಾದರೆ ಹಾರಿ ಬಂದವನ ಸ್ಕೀ ಆ ಗೆರೆಗೆ ಸಿಕ್ಕಿ ಪಕ್ಕಕ್ಕೆ ಎಳೆದುಬಿಡುತ್ತದೆ. ನಮ್ಮ ಮೂಯೆನ್‌ನವರಷ್ಟು ನೆಟ್ಟಗೆ ತುಳಿಯುವವರು ಈ ನಾರ್ವೆ ದೇಶದಲ್ಲೇ ಇಲ್ಲ. ಇದನ್ನು ನಾನು ಹೇಳಬೇಕಾಗಿಲ್ಲ, ಹಾರಿದವರನ್ನು ಕೇಳಿ.

ಆ ಸಾಲಿನ ಯಜಮಾನಿ ನಮ್ಮತ್ತೆ ಯೆರ್ತ್ರುಡ್. ಕಡ್ಡಿ ಮುರಿದ ಹಾಗೆ ಮಾತು, ಕೋಲಿನ ಹಾಗೆ ಬೆನ್ನು. "ಹೆಜ್ಜೆ!" ಎಂದು ಅವರು ಕೂಗಿದರೆ ಊರಿನ ಕಾಲೆಲ್ಲ ಒಟ್ಟಿಗೆ ಏಳುತ್ತಿತ್ತು. ನಾನು ಅವರ ಮಗ ಐಲಿಫ್‌ನನ್ನು ಮದುವೆಯಾಗಿ ಬಂದು ಎರಡನೇ ಚಳಿಗಾಲವಾದರೂ ಸಾಲಿನಲ್ಲಿ ನನಗೆ ಜಾಗ ಕೊಟ್ಟಿರಲಿಲ್ಲ.

"ಬಾಕ್ಲಿ ಹುಡುಗಿ ಕಾಲು ಅದು. ಜಾರೋಕೆ ಸರಿ, ತುಳಿಯೋಕೆ ಬರಲ್ಲ. ಗುನ್ವೋರ್, ನೀನು ಕಾಫಿ ಕಾಯಿಸಮ್ಮ," ಅನ್ನುತ್ತಿದ್ದರು.

ಹೊಟ್ಟೆ ಉರಿಯುತ್ತಿತ್ತು. ಹುಟ್ಟಿದೂರಿಗೆ ಹೋದರೆ "ಮೂಯೆನ್ ಸೊಸೆ ಬಂದ್ಲು" ಅನ್ನುತ್ತಾರೆ, ಸೇರಿದೂರಿನಲ್ಲಿ "ಬಾಕ್ಲಿ ಹುಡುಗಿ". ಕಾಫಿ ಕಾಯಿಸಿದೆ, ಇನ್ನೇನು ಮಾಡಲಿ.

ಗುಡ್ಡಕ್ಕೆ ನಲವತ್ತು ತುಂಬಿದ ವರ್ಷ ಜಿಲ್ಲಾ ಪಂದ್ಯ ಮೊಟ್ಟಮೊದಲ ಸಲ ನಮಗೆ ಸಿಕ್ಕಿತು. ಪಟ್ಟಣದವರು ಆಗತಾನೇ ಕಾಂಕ್ರೀಟ್ ಗೋಪುರ ಎಬ್ಬಿಸಿ, ಎಲ್ಲ ಪಂದ್ಯವೂ ನಮಗೇ ಬೇಕು ಅನ್ನುತ್ತಿದ್ದ ಕಾಲ. ಜಿಲ್ಲಾ ಸಂಘದವರು ಅಪ್ಪನ ಮುಖಕ್ಕೇ ಹೇಳಿದ್ದರು: ಭಾನುವಾರ ಮಧ್ಯಾಹ್ನದ ಹೊತ್ತಿಗೆ ಗುಡ್ಡ ಸಿದ್ಧವಿರದಿದ್ದರೆ ಪಂದ್ಯ ಪಟ್ಟಣಕ್ಕೆ ಹೋಗುತ್ತದೆ, ನಿಮ್ಮ ಗುಡ್ಡವನ್ನು ಪಂದ್ಯದ ಗುಡ್ಡಗಳ ಪಟ್ಟಿಯಿಂದ ತೆಗೆಯುತ್ತೇವೆ. ಪಟ್ಟಿಯಿಂದ ಹೋದ ಗುಡ್ಡಕ್ಕೆ ಹೊರಗಿನವರು ಬರುವುದಿಲ್ಲ, ಹೊರಗಿನವರು ಬಾರದ ಗುಡ್ಡದಲ್ಲಿ ಊರ ಮಕ್ಕಳೂ ಹಾರುವುದಿಲ್ಲ. ಬರ್ಚ್ ಬೆಳೆಯಲು ಎಷ್ಟು ಹೊತ್ತು? ಅಪ್ಪ ಊಟ ನಿದ್ದೆ ಬಿಟ್ಟು ಕಟ್ಟೆಯ ದಿಮ್ಮಿಗಳನ್ನು ಒಂದೊಂದಾಗಿ ಬಡಿದು ನೋಡುತ್ತಿದ್ದರು.

ಅಷ್ಟರಲ್ಲಿ ನಮ್ಮಣ್ಣ ಓಸ್ಮುಂಡ್ ಬಾಯಿ ಬಿಟ್ಟ.

ಗುರುವಾರ ಸಂಜೆ ಶಾಲೆಯಲ್ಲಿ ಎರಡೂರಿನವರೂ ಸೇರಿದ್ದರು. ಕಾಫಿ, ವಾಫಲ್, ಅದರ ಮೇಲೆ ಕಂದು ಬಣ್ಣದ ಚೀಸ್, ಎಲ್ಲರ ಮುಖದಲ್ಲೂ ನಗು. ಓಸ್ಮುಂಡ್ ಬಾಕ್ಲಿಯ ಒಳ್ಳೆಯ ಹಾರುಗಾರ, ಅದು ಅವನಿಗೂ ಸ್ವಲ್ಪ ಜಾಸ್ತಿಯೇ ಗೊತ್ತಿತ್ತು. ಮೂಯೆನ್‌ನ ಹಲ್ವರ್ಡ್ ಮುದುಕ ತಮಾಷೆಗೆ, "ನಾವು ತುಳಿದಿದ್ದಕ್ಕೆ ಕಣೋ ನೀನು ಬದುಕಿರೋದು," ಅಂದ. ಅದಕ್ಕೆ ನಮ್ಮಣ್ಣ ವಾಫಲ್ ಅಗಿಯುತ್ತ, "ಹಾರೋಕೆ ಗುಂಡಿಗೆ ಬೇಕು ತಾತ. ತುಳಿಯೋಕೆ ಏನು, ಹಸುಗಳನ್ನ ಹೊಡೆದ್ರೂ ತುಳಿಯುತ್ವೆ," ಅಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮತ್ತೆ ಕಾಫಿ ಬಟ್ಟಲನ್ನು ತಟ್ಟೆಯ ಮೇಲೆ ಬೋರಲು ಹಾಕಿ, ಕೋಟು ತೊಟ್ಟು ಹೊರಟರು. ಅವರ ಹಿಂದೆ ಇಡೀ ಮೂಯೆನ್ ಎದ್ದು ಹೋಯಿತು. ನಾನೂ ಹೋದೆ. ಬಾಗಿಲಲ್ಲಿ ಅಣ್ಣನನ್ನು ತಿರುಗಿ ನೋಡಿ, "ನಿನ್ನ ಬಾಯಿಗೆ ಬೆಂಕಿ ಹಾಕ," ಎಂದು ಹೇಳಿಯೇ ಹೋದೆ.

ಕ್ಷಮೆ ಕೇಳಿದ್ದರೆ ಮುಗಿಯುತ್ತಿರಲಿಲ್ಲವೇ ಅನ್ನಬೇಡಿ. ನಮ್ಮ ಕಣಿವೆಯಲ್ಲಿ ಹಾಗೆ ನಡೆಯುವುದಿಲ್ಲ. ಇಲ್ಲಿ ಊರ ಕೆಲಸಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ, ಕೆಲಸ ಕಂಡವರು ಬರುತ್ತಾರೆ. ಬನ್ನಿ ಎಂದು ಕರೆದರೆ ನಿಮಗೆ ಕಣ್ಣಿಲ್ಲವೇ ಎಂದು ಬೈದ ಹಾಗೆ. ಕೆಲಸ ಕಂಡೂ ಬಾರದೆ ಕೂತವರನ್ನು ಕ್ಷಮೆ ಕೇಳಿ ಬೇಡಿಕೊಳ್ಳುವುದೆಂದರೆ ಅದಕ್ಕಿಂತ ದೊಡ್ಡ ಅವಮಾನ, ಎರಡು ಕಡೆಗೂ. ಆದ್ದರಿಂದ ಬಾಕ್ಲಿಯವರು ಕರೆಯಲಿಲ್ಲ, ಮೂಯೆನ್‌ನವರು ಹೋಗಲಿಲ್ಲ. "ಹಸುಗಳನ್ನ ಹೊಡ್ಕೊಂಡ್ ಬರ್ಲಿ," ಎಂದು ಎಲ್ಲರೂ ಬಾಗಿಲು ಹಾಕಿಕೊಂಡರು.

ಶನಿವಾರ ಮಧ್ಯಾಹ್ನ ಹಿಮ ಹಿಡಿಯಿತು. ಭಾನುವಾರ ಬೆಳಕು ಹರಿದಾಗ ನಿಂತಿತ್ತು. ಬೇಲಿಯ ಗೂಟಗಳೇ ಕಾಣುತ್ತಿರಲಿಲ್ಲ.

ಅಡುಗೆಮನೆಗೆ ಬಂದರೆ ಅತ್ತೆ ಕಿಟಕಿಯ ಹತ್ತಿರ ನನಗೆ ಬೆನ್ನು ಹಾಕಿ ನಿಂತಿದ್ದರು. ಆ ಕಿಟಕಿಯಿಂದ ಇಳಿಜಾರು ಇಡಿಯಾಗಿ ಕಾಣುತ್ತದೆ. ಐಲಿಫ್ ಮೇಜಿನ ಮುಂದೆ ಖಾಲಿ ಬಟ್ಟಲು ಹಿಡಿದು ಕೂತಿದ್ದ.

"ಏಳಲ್ವಾ?" ಅಂದೆ.

"ಅಮ್ಮ ಹೊರಟ್ರೆ ಹೊರಡ್ತೀನಿ," ಅಂದ, ಬಟ್ಟಲಿಗೇ ಹೇಳುವ ಹಾಗೆ.

"ಅತ್ತೆ, ಮಧ್ಯಾಹ್ನಕ್ಕೆ ಜನ ಬರ್ತಾರೆ."

"ಬರ್ಲಿ. ನಿಮ್ಮಣ್ಣಂಗೆ ಗುಂಡಿಗೆ ಇದೆಯಲ್ಲ, ಅದರ ಮೇಲೇ ಇಳೀಲಿ." ಅತ್ತೆ ತಿರುಗಲಿಲ್ಲ.

ಅತ್ತ ದರಿ, ಇತ್ತ ಪುಲಿ. ನಾನು ಸ್ಕೀ ತೆಗೆದುಕೊಂಡು ಹೊರಬಿದ್ದೆ.

ಗುಡ್ಡದ ಮೇಲ್ಭಾಗದಲ್ಲಿ ಬಾಕ್ಲಿಯವರು ತಮ್ಮ ಪಾಲಿನ ಕೆಲಸ ಮುಗಿಸಿ ಹಿಮದಡಿ ಹೂತಿದ್ದರೂ ಎಲ್ಲರಿಗೂ ಜಾಗ ಗೊತ್ತಿದ್ದ ಗಡಿಕಲ್ಲುಗಳಿಂದ ಒಂದು ಮಾರು ಆಚೆ ಗುಂಪಾಗಿ ನಿಂತಿದ್ದರು. ಕೆಳಗಿನ ಇಳಿಜಾರು ಬೆಳ್ಳಗೆ, ಉಬ್ಬಿಕೊಂಡು, ಒಂದು ಮೊಲದ ಹೆಜ್ಜೆಯೂ ಇಲ್ಲದೆ ಬಿದ್ದಿತ್ತು. ಅಪ್ಪ ಟೋಪಿ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಿದ್ದರು. ಅಷ್ಟು ದೂರದಿಂದಲೂ ಅವರ ಹೆಗಲು ಇಳಿದಿರುವುದು ಕಂಡಿತು. ಬುಡದಲ್ಲಿ ನಿಂತು ಸ್ಕೀ ಕಟ್ಟಿಕೊಂಡೆ. ಒಬ್ಬಳೇ ತುಳಿಯತೊಡಗಿದೆ.

ಓರೆಯಾಗಿ ತುಳಿದೆ. ಬೇಕೆಂದೇ.

ನಾನು ಗುಡ್ಡ ಕಟ್ಟಿದವನ ಮಗಳು. ಅಡ್ಡ ಹೆಜ್ಜೆ ಹೇಗಿಡಬೇಕು ಎಂದು ಅಪ್ಪ ನಮ್ಮ ಮನೆಯ ಹಿಂದಿನ ದಿಬ್ಬದ ಮೇಲೆ ಕಿವಿ ಹಿಂಡಿ ಕಲಿಸಿದ್ದರು. ಅದನ್ನೆಲ್ಲ ಮರೆತವಳ ಹಾಗೆ ಒಂದು ಸ್ಕೀ ಕಾಡಿನ ಕಡೆ, ಇನ್ನೊಂದು ಚರ್ಚಿನ ಕಡೆ ಇಡುತ್ತ ಹೋದೆ. ಕೋಳಿ ಕೆದಕಿದ ತಿಪ್ಪೆಯೂ ಅದಕ್ಕಿಂತ ಚೆನ್ನಾಗಿರುತ್ತದೆ. ಯಾರೂ ಬಾರದೆ ಹೋದರೆ ನಾನೇ ಇಳಿಜಾರು ಕೆಡಿಸಿದ ಹಾಗಾಗುತ್ತಿತ್ತು, ಎರಡೂರಿನಲ್ಲೂ ಮುಖವೆತ್ತುವ ಹಾಗಿರುತ್ತಿರಲಿಲ್ಲ.

"ಗುನ್ವೋರ್! ಏನೇ ಮಾಡ್ತಿದೀಯಾ ಅಲ್ಲಿ?" ಮೇಲಿನಿಂದ ಅಣ್ಣ ಕೂಗಿದ.

"ಕಣ್ಣು ಕಾಣಲ್ವಾ? ಹಸು ಸಿಗ್ಲಿಲ್ಲ, ನಾನೇ ತುಳೀತಿದೀನಿ!"

ಹತ್ತಿರದ ಮನೆಯ ಮೆಟ್ಟಿಲ ಮೇಲೆ ಹಲ್ವರ್ಡ್ ಮುದುಕ ಪೈಪು ಕಚ್ಚಿಕೊಂಡು ಕಾಣಿಸಿದ. ಸ್ವಲ್ಪ ಹೊತ್ತು ನೋಡಿದ. ಪೈಪು ಬಾಯಿಂದ ಕೈಗೆ ಬಂತು.

"ಏಯ್ ಹುಡುಗಿ! ಓರೆ!"

"ಏನು?"

"ಓರೆ ಆಗ್ತಿದೆ ಕಣಮ್ಮ, ಓರೆ! ಎಡಗಾಲು ನೋಡ್ಕೋ!"

"ಸರಿಯಾಗೇ ಇದೆಯಲ್ಲ ತಾತ," ಅಂದು ಮುಂದಿನ ಹೆಜ್ಜೆಯನ್ನು ಇನ್ನೂ ಸೊಟ್ಟಗಿಟ್ಟೆ.

ಮುದುಕ ಒಳಗೆ ಹೋದ. ಹೋದನಲ್ಲಪ್ಪ ಅಂದುಕೊಂಡೆ, ಅಷ್ಟರಲ್ಲಿ ಸ್ಕೀ ಹಿಡಿದು ಗೊಣಗುತ್ತ ಬಂದ. "ಬಾಕ್ಲಿಯವರಿಗೋಸ್ಕರ ಬಂದಿಲ್ಲ ನಾನು, ಅದನ್ನ ತಿಳ್ಕೋ. ಕಣ್ಣಿಂದ ನೋಡಕ್ಕಾಗ್ತಿಲ್ಲ, ಅದಕ್ಕೆ ಬಂದೆ. ಆಚೆ ಸರಿ."

ಅವನ ಹಿಂದೆ ಅವನ ಸೊಸೆ. ಅವಳ ಹಿಂದೆ ಶಾಲೆಯ ಮೇಷ್ಟ್ರು. "ಅಯ್ಯೋ ಅಯ್ಯೋ, ಇದೇನ್ರೀ ಇದು, ಯಾರಾದ್ರೂ ಪಟ್ಟಣದವರು ನೋಡಿದ್ರೆ ಮೂಯೆನ್‌ನವರು ಹೀಗೆ ತುಳೀತಾರೆ ಅಂದ್ಕೋತಾರಲ್ರೀ!" ಎಂದು ಅವರು ಓಡಿಬಂದಾಗ ನನಗೆ ನಗು ತಡೆಯಲಾಗಲಿಲ್ಲ, ಶಾಲಿನಲ್ಲಿ ಮುಖ ಮುಚ್ಚಿಕೊಂಡೆ. ಒಂದೊಂದೇ ಬಾಗಿಲು ತೆರೆಯಿತು. ಅಮ್ಮನಿಗೆ ಕಾಯದೆ ಐಲಿಫ್ ಬಂದ. ಕಡೆಗೆ, ತಲೆಗೆ ಬೂದುಬಣ್ಣದ ವಸ್ತ್ರ ಬಿಗಿದು, ಯಾರನ್ನೂ ನೋಡದೆ, ನಮ್ಮತ್ತೆ ಬಂದರು.

ನನ್ನ ತುಳಿತವನ್ನು ಬುಡದಿಂದ ತುದಿಯವರೆಗೆ ಒಮ್ಮೆ ನೋಡಿದರು.

"ಇದನ್ನೆಲ್ಲ ಕೆದಕಿ ಹಾಕಿ. ಮೊದಲಿಂದ ತುಳೀಬೇಕು," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಹೋಗಿ ಕಾಫಿ ಕಾಯಿಸು."

ಕಪಾಳಕ್ಕೆ ಹೊಡೆದ ಹಾಗಾಯಿತು. ಆದರೂ ಬಂದರಲ್ಲ. ಕಣ್ಣು ಒರೆಸಿಕೊಂಡು ಇಳಿಜಾರಿನ ಪಕ್ಕದಲ್ಲಿ ಬೆಂಕಿ ಹೊತ್ತಿಸಿದೆ. "ಹೆಜ್ಜೆ!" ಎಂಬ ಕೂಗು ಎದ್ದಿತು, ಸಾಲು ಕದಲಿತು. ಹಿಮ ಕಾಲಡಿಯಲ್ಲಿ ಗರಗರ ಅಂತ ಅಮುಕಿಕೊಳ್ಳುವ ಆ ಸದ್ದಿನಷ್ಟು ಚಂದದ ಸದ್ದು ನಾನು ಬೇರೆ ಕೇಳಿಲ್ಲ.

ಆದರೆ ಹೊತ್ತು ಏರುತ್ತಿತ್ತು, ಹಿಮ ಆಳವಿತ್ತು, ಇದ್ದಷ್ಟು ಕಾಲು ಸಾಲದು. ಅದು ಮೇಲಿದ್ದವರಿಗೂ ಕಂಡಿತು. ಅಪ್ಪ ಗಡಿಕಲ್ಲಿನವರೆಗೆ ಇಳಿದು ಬಂದು ನಿಂತರು. ಯಾರೂ ಕರೆಯಲಿಲ್ಲ. ಅಪ್ಪ ಟೋಪಿಯನ್ನು ತಲೆಗೆ ಒತ್ತಿಕೊಂಡು ಕಲ್ಲು ದಾಟಿದರು, ಬಾಕ್ಲಿಯವರೆಲ್ಲ ಅವರ ಹಿಂದೆ ದಾಟಿದರು. ಗುಡ್ಡದ ಚರಿತ್ರೆಯಲ್ಲಿ ಅದೇ ಮೊದಲು.

"ಯೆರ್ತ್ರುಡ್, ಸಾಲಿನ ತುದೀಲಿ ಜಾಗ ಇದೆಯಾ?" ಅಂದರು ಅಪ್ಪ.

"ನಿಮ್ಮೂರವರಿಗೆ ಅಡ್ಡ ಹೆಜ್ಜೆ ಬರುತ್ತಾ?"

"ಹೇಳಿಕೊಟ್ರೆ ಬರುತ್ತೆ."

ಅತ್ತೆ ಕೈ ಚಾಚಿ ಸಾಲಿನ ತುದಿ ತೋರಿಸಿದರು. "ಹೆಗಲು ತಾಗಿಸಿ ನಿಂತ್ಕೊಳ್ಳಿ. ಮಾತಾಡಬಾರದು," ಅಂದರು. ಅಣ್ಣ ಓಸ್ಮುಂಡ್ ಮಾತ್ರ ಬರಲಿಲ್ಲ. ಹಾರುವವರು ಪಂದ್ಯದ ದಿನ ಕಾಲು ದಣಿಸುವುದಿಲ್ಲ ಎಂಬ ನೆಪ ಹೇಳಿ ಮೇಲೇ ಉಳಿದ. ನಾಚಿಕೆ, ಮತ್ತೇನಲ್ಲ.

ಸಾಮಾನ್ಯವಾಗಿ ಹಾರಿದವರು ಇಳಿಯುವ ಜಾಗವೆಲ್ಲ ತುಳಿದು ಮುಗಿಯಿತು. ಎಲ್ಲರೂ ಸೊಂಟ ಹಿಡಿದುಕೊಂಡು ನಿಂತರು. ಅತ್ತೆ ಇನ್ನೂ ಕೆಳಗೆ, ಇಳಿಜಾರು ಸಪಾಟಾಗಿ ನಮ್ಮ ಆಲೂಗಡ್ಡೆ ಹೊಲ ಸೇರುವ ಕಡೆಗೆ ಕೋಲು ತೋರಿಸಿದರು.

"ಅಲ್ಲಿಗೆ ಯಾರೂ ಹಾರಲ್ಲ ಕಣಮ್ಮ," ಅಂದ ಹಲ್ವರ್ಡ್.

"ಇವತ್ತಿನವರೆಗೆ ಹಾರಿಲ್ಲ. ಹೆಜ್ಜೆ!"

ಪಟ್ಟಣದ ಬಸ್ಸು ಬಂದಾಗ ಇಳಿಜಾರು ಎಣ್ಣೆ ಹಾಕಿ ಬಾಚಿದ ತಲೆಯ ಹಾಗೆ ಹೊಳೆಯುತ್ತಿತ್ತು. ಪಾದ್ರಿಗಳು ಪ್ರವಚನವನ್ನು ಅರ್ಧಕ್ಕೆ ನಿಲ್ಲಿಸಿ ಜನರನ್ನು ಕರೆದುಕೊಂಡೇ ಬಂದರು. ಸಂಘದವರು ಕೆಳಗಿನಿಂದ ಮೇಲೆ ಹತ್ತಿ, ಸ್ಕೀ ಕೋಲಿನಲ್ಲಿ ಅಲ್ಲಲ್ಲಿ ಚುಚ್ಚಿ ನೋಡಿದರು. ಕೋಲು ಇಳಿಯಲಿಲ್ಲ. ಅವರಲ್ಲೊಬ್ಬ, "ಇಷ್ಟು ಹಿಮದಲ್ಲಿ ಹೇಗ್ರೀ ಮಾಡಿದ್ರಿ?" ಅಂದ. ಅಪ್ಪ, "ತುಳಿದ್ವಿ," ಅಂದರು. ಅಷ್ಟೇ. ಅವರ ಹೆಗಲು ಮತ್ತೆ ಅಗಲವಾಗಿತ್ತು.

ಪಂದ್ಯ ನಡೆಯಿತು. ಕಟ್ಟಕಡೆಗೆ ಓಸ್ಮುಂಡ್. ಮೇಲೆ ಅವನ ಕೆಂಪು ಟೋಪಿ ಕಂಡಿತು. ಬಗ್ಗಿ ಜಾರಿ ಬಂದ, ಕಟ್ಟೆಯ ತುದಿಯಲ್ಲಿ ಸೆಟೆದ, ಗಾಳಿಗೆ ಬಿದ್ದ. ಇಂಥ ಹಾರಿಕೆಯನ್ನು ಮೊದಲು ಕಿವಿಯೇ ಗುರುತಿಸುತ್ತದೆ, ಸುತ್ತಲಿನ ಮಾತೆಲ್ಲ ನಿಂತುಹೋಗುತ್ತದೆ. ಗಡಿಕಲ್ಲುಗಳ ಮೇಲಿಂದ ಹೋದ, ಎಲ್ಲರೂ ಇಳಿಯುವ ಜಾಗದ ಮೇಲಿಂದ ಹೋದ. ಇಳಿಜಾರಿನ ಪಕ್ಕದಲ್ಲಿ ದೂರ ಅಳೆಯಲು ನಿಂತವರು ಒಬ್ಬೊಬ್ಬರಾಗಿ ಕತ್ತು ತಿರುಗಿಸಿದರು. ಕೊನೆಯ ಅಳತೆಗಾರನನ್ನೂ ದಾಟಿದ. ಅಲ್ಲಿಂದಾಚೆ ಇಳಿಜಾರೇ ಮುಗಿಯುತ್ತದೆ, ಅಲ್ಲಿ ಮೆತ್ತನೆ ಹಿಮವಿದ್ದರೆ ನಮ್ಮಣ್ಣ ಏಳುವುದಿಲ್ಲ.

ಟಪ್ ಎಂದು ಇಳಿದ. ಒಂದು ಕಾಲು ಮುಂದೆ, ಮಂಡಿ ನೆಲಕ್ಕೆ ತಾಗುವಷ್ಟು ಬಗ್ಗಿ, ಕೈಗಳೆರಡೂ ಚಾಚಿಕೊಂಡು. ನೆಲ ಹಿಡಿದುಕೊಂಡಿತು. ಜಾರಿಕೊಂಡು ಹೊಲದೊಳಗೆ ಹೋಗಿ ನಿಂತ.

ಆಗ ಎದ್ದ ಕೂಗು! ಬಾಕ್ಲಿಯವರು ಯಾರು, ಮೂಯೆನ್‌ನವರು ಯಾರು, ದೇವರಿಗೂ ಗೊತ್ತಾಗಿರಲಿಕ್ಕಿಲ್ಲ. ಹಲ್ವರ್ಡ್ ಮುದುಕ ಪಾದ್ರಿಗಳನ್ನು ತಬ್ಬಿಕೊಂಡು ಕುಣಿಯುತ್ತಿದ್ದ. ಅಳೆಯುವವರು ಟೇಪು ಹಿಡಿದು ಕೆಳಗೆ ಓಡಿದರು. ಗುಡ್ಡದ ದಾಖಲೆ ಮುರಿದಿತ್ತು, ಪಟ್ಟಣದ ಹೊಸ ಗೋಪುರದಲ್ಲಿ ಆವರೆಗೆ ಹಾರಿದ್ದಕ್ಕಿಂತಲೂ ಅದು ಉದ್ದವಿತ್ತು. ಬರೆದುಕೊಳ್ಳಿ, ಬೇಕಾದರೆ ಹೋಗಿ ಕೇಳಿ. ನಮ್ಮ ಮರದ ಗುಡ್ಡ!

ಅಣ್ಣ ಹೊಲದಲ್ಲಿ ನಿಂತವನು ತಾನು ಇಳಿದ ಜಾಗವನ್ನು ತಿರುಗಿ ನೋಡಿದ. ಅವನ ಮುಖ ಬಿಳಿಚಿಕೊಂಡಿತ್ತು. ಯಾರು ಬೆನ್ನು ತಟ್ಟಿದರೂ ನಿಲ್ಲದೆ ಸೀದಾ ಅಲ್ಲಿಗೇ ಹೋದ. ಅವನ ಸ್ಕೀ ಬಿದ್ದಲ್ಲಿ ಇಳಿಜಾರು ಹಳ್ಳವಾಗಿತ್ತು. ಹಾರುವ ಸ್ಕೀಯಲ್ಲೇ, ಅಷ್ಟು ಜನರ ಎದುರು, ಅಡ್ಡಡ್ಡ ಹೆಜ್ಜೆ ಇಡುತ್ತ ಆ ಹಳ್ಳವನ್ನು ತುಳಿದು ಸರಿಮಾಡತೊಡಗಿದ.

"ಓರೆ!" ಎಂದು ಕೂಗಿದರು ನಮ್ಮತ್ತೆ.

"ಹೇಳ್ಕೊಡಿ, ಕಲೀತೀನಿ," ಅಂದ ಅಣ್ಣ ತಲೆ ತಗ್ಗಿಸಿಕೊಂಡು. ಅತ್ತೆ ಹೋಗಿ ಕೋಲಿನಿಂದ ಅವನ ಎಡಗಾಲನ್ನು ನೆಟ್ಟಗೆ ತಿರುಗಿಸಿದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಸಂಜೆ ಎಲ್ಲರೂ ಹೋದ ಮೇಲೆ ನಾನೂ ಅತ್ತೆಯೂ ಮನೆಗೆ ನಡೆದೆವು. ಅವರು ಮುಂದೆ, ನಾನು ಹಿಂದೆ. ಅಂಗಳದ ಹತ್ತಿರ ಅವರು ನಿಂತರು.

"ಅಷ್ಟು ಓರೆ ತುಳಿಯೋದು ಎಲ್ಲಿ ಕಲಿತೆ?"

"ನಂಗೆ ಬರೋದೇ ಅಷ್ಟು ಅತ್ತೆ."

"ಸುಳ್ಳು ಬೊಗಳಬೇಡ. ಬರದೇ ಇರೋರು ಅಲ್ಲೊಂದು ಇಲ್ಲೊಂದು ಹೆಜ್ಜೆ ನೆಟ್ಟಗೆ ಇಟ್ಟಿರ್ತಾರೆ. ನಿಂದು ಒಂದೂ ನೆಟ್ಟಗಿರಲಿಲ್ಲ."

ಸಿಕ್ಕಿಬಿದ್ದೆ. "ಮತ್ತೆ ಗೊತ್ತಿದ್ದೂ ಯಾಕೆ ಬಂದ್ರಿ?" ಅಂದೆ.

ಅತ್ತೆಯ ಆ ಕೋಲಿನಂಥ ಬೆನ್ನು ಸ್ವಲ್ಪ ಬಾಗಿತು. "ಬೆಳಕು ಹರಿಯೋಕೆ ಮುಂಚೆಯಿಂದ ಕಿಟಕಿ ಹತ್ರ ಬೂಟು ಹಾಕ್ಕೊಂಡೇ ನಿಂತಿದ್ದೆ ಕಣೇ. ಯಾರಾದ್ರೂ ಒಂದು ನೆಪ ಕೊಡ್ಲಪ್ಪ ಅಂತ. ಅದು ಶೂರ್ ಕಟ್ಟಿದ ಗುಡ್ಡ. ಅದರಲ್ಲಿ ಮರ ಬೆಳೆಯೋದನ್ನ ನಾನು ನೋಡ್ಬೇಕಾ?" ನಮ್ಮತ್ತೆ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ.

"ನಾನು ಹೋಗದೇ ಇದ್ದಿದ್ರೆ?"

"ಮೇಲೆ ಹೋಗಿ ನಿಮ್ಮಪ್ಪನ ಕಟ್ಟೆ ಮೇಲಿನ ಹಿಮ ಎಲ್ಲ ಕೆದಕಿ ಬರ್ತಿದ್ದೆ. ಆಗ ಅವರಾದ್ರೂ ಅಟ್ಟಿಸ್ಕೊಂಡು ಕೆಳಗೆ ಬರ್ತಿದ್ರು."

ನನಗೆ ನಗು ಬಂತು, ಅವರಿಗೂ ಬಂತು. ಇಬ್ಬರೂ ಅಂಗಳದಲ್ಲಿ ನಿಂತು ಕಣ್ಣೀರು ಸುರಿಸಿಕೊಂಡು ನಕ್ಕೆವು. ಕಡೆಗೆ ಅವರು ತಲೆವಸ್ತ್ರದ ತುದಿಯಿಂದ ಮೂಗು ಒರೆಸಿಕೊಂಡು ಮತ್ತೆ ನೆಟ್ಟಗಾದರು.

"ಮುಂದಿನ ಸಲ ಹಿಮ ಬಿದ್ರೆ ಕಾಫಿ ಐಲಿಫ್ ಕಾಯಿಸ್ಲಿ. ನೀನು ಸಾಲಿನಲ್ಲಿ ನನ್ನ ಎಡಗಡೆ ನಿಲ್ಲು. ಶೂರ್ ನಿಲ್ತಿದ್ದ ಜಾಗ. ಅವರು ಹೋದಾಗಿನಿಂದ ಯಾರನ್ನೂ ನಿಲ್ಲಿಸಿಲ್ಲ," ಅಂದು ಒಳಗೆ ಹೋದರು.

ನಾನು ಅಲ್ಲೇ ನಿಂತು ಹಿಮ ತರುವ ಮೋಡವೇನಾದರೂ ಇದೆಯೇ ಎಂದು ಕತ್ತೆತ್ತಿ ನೋಡಿದೆ. ಆಕಾಶದ ತುಂಬ ನಕ್ಷತ್ರ. ಆ ನಕ್ಷತ್ರಗಳನ್ನು ನಾನು ಬೈದ ಹಾಗೆ ಯಾರೂ ಬೈದಿರಲಿಕ್ಕಿಲ್ಲ.